ಗೂಟದಳತೆಯ ಕಾರು

ಬಂಕು ಮುಚ್ಚಿದ ನೂರ ಮೂವತ್ತನೆಯ ವರ್ಷ,
ಎರಡನೆಯ ಶ್ರಾವಣದ ಮೂವತ್ತೆರಡನೆಯ ದಿನ,
ಹೊಳೆದಂಡೆ ಕೇರಿ, ಹರಿಹರ.

ಪೆಟ್ರೋಲು ಹಾಕಿಸಲು ಸಾಲಿನಲ್ಲಿ ನಿಂತು ಬೇಸರಪಟ್ಟುಕೊಳ್ಳುತ್ತಿರುವ ಹಿರಿಯರಿಗೆ ಪಾಲಾಕ್ಷಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ನಿಮ್ಮ ಕಾಲದ ನಂತರ ನಮ್ಮವರು ತಿಂಗಳುಗಳನ್ನು ಸ್ವಲ್ಪ ಹಿಗ್ಗಿಸಿಕೊಂಡರು. ಏಕೆಂದು ನನಗೂ ಸರಿಯಾಗಿ ಗೊತ್ತಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಆದಷ್ಟು ಬಿಡಿಸಿ ಹೇಳುತ್ತೇನೆ. ನಮ್ಮೂರ ಹೊರಗೆ ಹಾಳುಬಿದ್ದ ಬಂಕೊಂದಿದೆ. ಅದರ ಕಂಬದ ಬಿರುಕಿನಲ್ಲಿ ಕಾಗದವಿಟ್ಟರೆ ಅದು ಹಿಂದಿನ ಕಾಲಕ್ಕೆ ಹೋಗಿ ಬೀಳುತ್ತದೆ ಎಂದು ಇಲ್ಲಿನ ಮಕ್ಕಳು ನಂಬುತ್ತಾರೆ. ದೊಡ್ಡವರು ನಗುತ್ತಾರೆ. ಬೇರೆ ದಾರಿ ಕಾಣದ ಕಾರಣ ನಾನು ಮಕ್ಕಳ ಮಾತು ನಂಬಿದ್ದೇನೆ.

ನೀವು ಪೆಟ್ರೋಲು ಹಾಕಿಸುವುದನ್ನು ಎಷ್ಟು ದ್ವೇಷಿಸುತ್ತಿದ್ದಿರಿ ಎಂಬುದನ್ನು ನಮ್ಮಜ್ಜಿ ಕಥೆಯಾಗಿ ಹೇಳುತ್ತಿದ್ದಳು. ಅವಳಿಗೆ ಅವಳಜ್ಜಿ ಹೇಳಿದ್ದಂತೆ. ಕೆಂಪು ದೀಪ ಹತ್ತಿದರೂ 'ನಾಳೆ ಹಾಕಿಸಿದರಾಯಿತು' ಎಂದು ಮುಂದೂಡುವ ಗಂಡ, 'ನಿನ್ನೆ ಓಡಿಸಿದ್ದು ನೀವು, ಹಾಕಿಸಬೇಕಾದವರೂ ನೀವೇ' ಎಂದು ಜಗಳ ತೆಗೆಯುವ ಹೆಂಡತಿ, ಸಾಲು ತಪ್ಪಿಸಿ ಕ್ಯಾನು ಹಿಡಿದು ಮುಂದೆ ನುಗ್ಗುವವನು, 'ಝೀರೋ ನೋಡ್ಕಳ್ಳಿ ಸಾರ್' ಎಂದು ದಿನವಿಡೀ ಒಂದೇ ಮಾತು ಹೇಳುವ ಬಂಕಿನವನು. ಮುಂದಿನ ಗಾಡಿಯವನು ಟ್ಯಾಂಕು ತುಂಬಿದ ಮೇಲೂ ಕನ್ನಡಿ ನೋಡಿಕೊಳ್ಳುತ್ತ ಕೂತರೆ ನಿಮಗೆ ಮೈಯೆಲ್ಲ ಉರಿಯುತ್ತಿತ್ತಂತೆ. ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ನಮಗೆ ಬೆರಗಾಗುತ್ತಿದ್ದದ್ದು ನಿಮ್ಮ ಕಷ್ಟಕ್ಕಲ್ಲ. ಪೈಪು ತೆಗೆದ ಕೂಡಲೇ ನೀವು ಹೊರಟುಬಿಡುತ್ತಿದ್ದಿರಲ್ಲ, ಅದಕ್ಕೆ. ಹೊರಟು, ಮತ್ತೆ ಎಷ್ಟೋ ದಿನ ಆ ವಿಷಯ ನೆನೆಯದೆ ಇರುತ್ತಿದ್ದಿರಲ್ಲ, ಅದಕ್ಕೆ.

ನಿಮ್ಮ ಈ ಬೇಸರವೇ ನಮ್ಮನ್ನು ಇಲ್ಲಿಗೆ ತಂದಿತು. ಇನ್ನು ಬಂಕಿಗೆ ಹೋಗುವುದೇ ಬೇಡ, ಇಂಧನ ಮನೆಯಲ್ಲೇ ಹುಟ್ಟುತ್ತದೆ ಎಂದು ಯಾರೋ ಕಂಡುಹಿಡಿದ ದಿನ ಜನ ಬೀದಿಯಲ್ಲಿ ಪೇಡ ಹಂಚಿದರಂತೆ. ಕಂಡುಹಿಡಿದದ್ದಕ್ಕೆ ಏನೋ ಉದ್ದನೆಯ ಹೆಸರಿತ್ತು. ನಮ್ಮ ಹೆಂಗಸರು ಅದನ್ನು ಹೆಪ್ಪು ಎಂದು ಕರೆದರು, ಅದೇ ನಿಂತಿತು. ಮೊಸರಿಗೆ ಹಾಕುವ ಹೆಪ್ಪಿನಂತೆಯೇ ಇದೂ ಜೀವ ಇರುವಂಥದ್ದು. ಕಾರಿನ ಮುಂಭಾಗದಲ್ಲಿ ಗಡಿಗೆಯೊಂದಿರುತ್ತದೆ, ಅದರಲ್ಲಿ ಹೆಪ್ಪು ಇರುತ್ತದೆ. ಅದಕ್ಕೆ ತೌಡು ಮತ್ತು ಬೆಲ್ಲದ ನೀರು ಉಣಿಸಿದರೆ ಉಬ್ಬಿ ನೊರೆ ಬಿಡುತ್ತದೆ, ಆ ನೊರೆಯ ಬಲದಿಂದ ಕಾರು ಓಡುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಸಾಲಿನಲ್ಲಿ ನಿಲ್ಲುವ ಹಂಗಿಲ್ಲ. ಕೇಳಲು ಎಷ್ಟು ಚೆನ್ನ!

ಈಗ ನಮ್ಮ ದಿನ ಹೇಗೆ ಕಳೆಯುತ್ತದೆ ಕೇಳಿ. ಹೆಪ್ಪಿಗೆ ಬೆಳಗಾಗುತ್ತಲೇ ಒಂದು ಉಣಿಸು, ಊಟದ ಹೊತ್ತಿಗೆ ಒಂದು, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು. ನೀರು ಉಗುರು ಬೆಚ್ಚಗಿರಬೇಕು. ಹೊತ್ತು ತಪ್ಪಿದರೆ ಅದು ಹುಳಿ ಬಂದು ಸಾಯುತ್ತದೆ. ಉಣಿಸಿದ ಮೇಲೆ ಉಬ್ಬುವ ತನಕ ಕಾರು ಅಲುಗಾಡಬಾರದು, ಉಬ್ಬಿದ ಮೇಲೂ ಅದರ ಓಟ ಎತ್ತಿನ ಗಾಡಿಗಿಂತ ತುಸು ಜೋರಷ್ಟೇ. ಸಾಲದ್ದಕ್ಕೆ ಬೇರೆ ಊರಿನ ನೀರು ಅದಕ್ಕೆ ಒಗ್ಗುವುದಿಲ್ಲ. ನಮ್ಮದು ಹೊಳೆಯ ನೀರು ಕುಡಿದು ಬೆಳೆದ ಹೆಪ್ಪು, ದಾವಣಗೆರೆಯ ನೀರು ಮುಟ್ಟಿದರೆ ಕಾಯಿಲೆ ಬೀಳುತ್ತದೆ. ಹಾಗಾಗಿ ಒಂದು ಉಣಿಸಿನಿಂದ ಇನ್ನೊಂದು ಉಣಿಸಿನೊಳಗೆ ಹೋಗಿ ಮನೆಗೆ ಮರಳುವಷ್ಟು ದೂರ ಮಾತ್ರ ಕಾರು ಓಡಬಲ್ಲದು. ಅದಕ್ಕೆ ಗೂಟದಳತೆ ಎನ್ನುತ್ತೇವೆ, ಗೂಟಕ್ಕೆ ಕಟ್ಟಿದ ಹಸು ಮೇಯುವಷ್ಟು ಜಾಗ. ನಮ್ಮ ಗೂಟದಳತೆ ದಾವಣಗೆರೆ ಮುಟ್ಟಿ ಬರುವಷ್ಟು. ಹೆಣ್ಣು ಕೊಡುವುದು ತರುವುದು ಹೆಚ್ಚಾಗಿ ಅಷ್ಟರೊಳಗೇ. ಅದರಾಚೆಯ ನೆಂಟರ ಮದುವೆಗೆ ನಾವು ಮುಯ್ಯಿ ಕಳಿಸಿ ಸುಮ್ಮನಾಗುತ್ತೇವೆ. ಕಾರಿಲ್ಲದ ಬಡವರು ರೈಲು ಹತ್ತಿ ಕಾಶಿ, ಕಾಶ್ಮೀರ ಎಲ್ಲ ನೋಡಿ ಬರುತ್ತಾರೆ. ಅವರನ್ನು ಕಂಡರೆ ನಮ್ಮವರು 'ಪಾಪ' ಎನ್ನುತ್ತಾರೆ.

ನನ್ನ ಗಂಡ ಹಾಲೇಶರಿಗೆ ಕಾರೆಂದರೆ ಪ್ರಾಣ. ದಿನವೂ ಒರೆಸುತ್ತಾರೆ, ಕೇರಿಯವರ ಮುಂದೆ ಅದರ ಗುಣಗಾನ ಮಾಡುತ್ತಾರೆ. ಆದರೆ ಹಿರಿಯರೇ, ನಿಜ ಹೇಳಿಬಿಡುತ್ತೇನೆ. ನಮ್ಮ ಕಾರು ಹೆಚ್ಚಾಗಿ ಓಡುವುದು ತೌಡು ತರಲು ಗಿರಣಿಗೆ, ಬೆಲ್ಲ ತರಲು ಸಂತೆಗೆ. ಅಂದರೆ ಕಾರು ಓಡುವುದು ಕಾರಿನ ಊಟ ತರಲು. ಪಕ್ಕದ ಮನೆಯ ಬಸುರಿಗೆ ಒಮ್ಮೆ ಉಣಿಸಿನ ಹೊತ್ತಿನಲ್ಲೇ ನೋವು ಬಂತು. ನಾವು ಕಾರು ತೆಗೆಯಲಾಗಲಿಲ್ಲ, ಅವಳು ತಾಯಿಯ ಭುಜ ಹಿಡಿದು ಆಸ್ಪತ್ರೆಗೆ ನಡೆದುಹೋದಳು. ಕೇರಿಯಲ್ಲಿ ಒಬ್ಬರೂ ಕಾರನ್ನು ಬೈಯಲಿಲ್ಲ. ಅವಳನ್ನೇ, ಹೊತ್ತುಗೊತ್ತು ಬೇಡವಾ ಇವಳಿಗೆ ಎಂದು ಬೈದರು.

ಇಷ್ಟು ಕಷ್ಟವಿದ್ದರೆ ಸರದಿಯ ಮೇಲೆ ಉಣಿಸಬಾರದೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಉಪ್ಪಿನಕಾಯಿ ಹಾಕಲು ಎಲ್ಲರ ಕೈಯೂ ಆಗಿಬರುವುದಿಲ್ಲವಲ್ಲ, ಹೆಪ್ಪಿನದೂ ಅದೇ ಕಥೆ. ಒಂದು ಮನೆಯಲ್ಲಿ ಒಂದೇ ಕೈ ಅದಕ್ಕೆ ಹಿಡಿಸುತ್ತದೆ. ಆ ಕೈಯಿಂದ ಕಲಸಿದ ತೌಡನ್ನು ಮಾತ್ರ ತಿನ್ನುತ್ತದೆ, ಬೇರೆಯವರು ಕಲಸಿದರೆ ಉಬ್ಬುವುದಿಲ್ಲ. ಆ ಕೈ ಯಾರದೋ ಅವರನ್ನು ಕೈಯವಳು ಎನ್ನುತ್ತೇವೆ. ಗಂಡಸರ ಕೈ ಹಿಡಿಸಿದ್ದನ್ನು ನಾನು ಕಂಡಿಲ್ಲ; ಅವರು ಕೈ ಹಾಕಿ ನೋಡಿದ್ದನ್ನೂ ಕಂಡಿಲ್ಲ. ಹೊಸ ಕೈಗೆ ಒಗ್ಗಿದ ದಿನವೇ ಹೆಪ್ಪು ಹಳೆಯ ಕೈಯನ್ನು ಮರೆಯುತ್ತದೆ. ಅಲ್ಲಿಯವರೆಗೆ ಕೈಯವಳು ಊರು ಬಿಡುವಂತಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಗುರುಸಿದ್ಧಮ್ಮನವರು ಕೈಯವಳಾಗಿದ್ದರು. ಮದುವೆಯ ಮಾರನೆಯ ದಿನ ನನಗೆ ಕೈ ಇಳಿಸುವ ಶಾಸ್ತ್ರ ಮಾಡಿದರು. ಅರಿಸಿನ ಹಚ್ಚಿದ ಕೈಯನ್ನು ಗಡಿಗೆಯಲ್ಲಿ ಇಳಿಸಿದೆ, ಹೆಪ್ಪು ಬುಸಬುಸನೆ ಉಬ್ಬಿ ಮೊಣಕೈಯವರೆಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಹಿಗ್ಗಿ ಹೀರೇಕಾಯಿಯಾದೆ. ಅತ್ತೆ ಅದೇ ವಾರ ರೈಲು ಹತ್ತಿ ಹೋದವರು ಮುಂದಿನ ಹಬ್ಬಕ್ಕೆ ವಾಪಸು ಬಂದರು. ಆಮೇಲೆ ನನಗೆ ಹರಿಹರವೇ ಲೋಕವಾಯಿತು. ಗೂಟದಳತೆಯಾಚೆಯ ತವರಿನಲ್ಲಿ ಅಪ್ಪ ತೀರಿಕೊಂಡಾಗ ಮುಖ ನೋಡಲು ಹೋಗಲಾಗಲಿಲ್ಲ. ನನ್ನ ಅಕ್ಕ ಕಾರವಾರದಲ್ಲಿದ್ದಾಳೆ, ಕಡಲು ಅವಳ ಹಿತ್ತಿಲಿಗೇ ಬಂದು ಬಡಿಯುತ್ತದಂತೆ. ಒಮ್ಮೆ ಬಂದು ಹೋಗೇ ಎಂದು ಕರೆದು ಕರೆದು ಅವಳಿಗೂ ಸಾಕಾಯಿತು. ರೊಟ್ಟಿ ಬಡಿಯುವಾಗ ರೈಲು ಕೂಗಿದರೆ ಹಿಟ್ಟು ಹಾಗೇ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

ಹೋದ ತಿಂಗಳು ನನ್ನ ಮಗಳು ಶಿವಗಂಗೆಗೆ ಕೈ ಇಳಿಸುವ ಶಾಸ್ತ್ರ ಮಾಡಿದರು. ಕಾಲೇಜು ಮುಗಿಸಿದ್ದಾಳೆ, ಧಾರವಾಡದಲ್ಲಿ ಮುಂದೆ ಓದಬೇಕೆಂದಿದ್ದಳು. ಧಾರವಾಡ ಗೂಟದಳತೆಯ ಆಚೆಗಿದೆ. ಅವಳ ಕೈ ಹಿಡಿಸಿದರೆ ಓದು ಅಲ್ಲಿಗೆ ಮುಗಿಯಿತು, ಮದುವೆಯಾದರೂ ಗಂಡನೇ ಈ ಮನೆಗೆ ಬಂದಿರಬೇಕು. ಹಿಡಿಸದಿರಲಿ ಎಂದು ನಾನು ಕಂಡಕಂಡ ದೇವರಿಗೆಲ್ಲ ಕೈ ಮುಗಿದೆ. ಉಪ್ಪು ಸೋಕಿದರೆ ಹೆಪ್ಪು ಕುಗ್ಗುತ್ತದೆ. ಒಂದು ಚಿಟಿಕೆಯನ್ನು ಅವಳ ಅಂಗೈಗೆ ತೀಡಿಬಿಡೋಣ ಎಂದು ಸೆರಗಿನಲ್ಲಿ ಕಟ್ಟಿಕೊಂಡೂ ಇದ್ದೆ. ಆದರೆ ನಾನು ತೀಡುವ ಮುಂಚೆಯೇ ಅವಳು ಕೈ ಇಳಿಸಿಬಿಟ್ಟಳು. ಹೆಪ್ಪು ಗಡಿಗೆ ಮೀರಿ ಉಕ್ಕಿ ನೆಲಕ್ಕೆ ಹರಿಯಿತು. 'ಅಮ್ಮಾ, ನಿನಗಿಂತ ಜಾಸ್ತಿ ಉಬ್ಬೈತೆ ನೋಡು!' ಎಂದು ನನ್ನ ಮಗಳು ಕುಣಿದಳು.

ಗಂಡ ಅಲ್ಲೇ ಜೇಬಿನಿಂದ ಕಾರವಾರದ ಟಿಕೆಟು ತೆಗೆದು ನನ್ನ ಕೈಗಿತ್ತರು. 'ಇಷ್ಟು ವರ್ಷ ದುಡಿದೀಯ, ಹೋಗ್ ಬಾ' ಎಂದರು. ಆಗ ನನಗೇನಾಯಿತು ಗೊತ್ತೇ, ಹಿರಿಯರೇ? ಸಂತೋಷವಾಯಿತು. ಮಗಳ ಕೊರಳಿಗೆ ಹಗ್ಗ ಬೀಳುವುದನ್ನು ಕಣ್ಣಾರೆ ನೋಡುತ್ತಿದ್ದ ತಾಯಿಗೆ ಸಂತೋಷವಾಯಿತು. ಮರುಕ್ಷಣ ನನ್ನ ಮೇಲೇ ಹೇಸಿಗೆಯಾಗಿ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ನನ್ನ ಅತ್ತೆ ಹಿಂದೆಯೇ ಬಂದು ಬೆನ್ನು ಸವರಿದರು. 'ಏನಾಗಲ್ಲ ತಗಾ. ನಿನ್ನ ಕೈ ಉಬ್ಬಿದ ದಿನ ನಾನೂ ಇಲ್ಲೇ ನಿಂತು ಅತ್ತಿದ್ದೆ. ಆಮೇಲೆ ರೈಲು ಹತ್ತಿದೆ' ಎಂದರು. ಕೆಟ್ಟ ಹೆಂಗಸಲ್ಲ ಅವರು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ನನ್ನ ಪ್ರಯಾಣದ ದಿನ ಹತ್ತಿರ ಬಂದಂತೆ ಶಿವಗಂಗೆಯ ಕುಣಿತ ಇಳಿಯಿತು. ಗೆಳತಿಯರು ಧಾರವಾಡಕ್ಕೆ ಹೊರಟರು. ಅವರನ್ನು ಬೀಳ್ಕೊಡಲು ಇವಳೇ ಕಾರಿನಲ್ಲಿ ಸ್ಟೇಷನ್ನಿಗೆ ಕರೆದೊಯ್ದಳು. ರೈಲು ತಡವಾಯಿತು, ಉಣಿಸಿನ ಹೊತ್ತಾಯಿತು, ಅದು ಬರುವ ಮುನ್ನವೇ ಇವಳು ತಿರುಗಿ ಬಂದಳು. ತೌಡು ಕಲಸುತ್ತ ನನ್ನನ್ನು ನೋಡದೆಯೇ ಹೇಳಿದಳು: 'ಕಡಲು ಚೆಂದಾಗಿ ನೋಡ್ಕಂಡು ಬಾರಮ್ಮ. ಬಂದು ನನಗೆ ಹೇಳಿದ್ರೆ ಆತು.'

ಅಷ್ಟು ಸಾಕಾಯಿತು ನನಗೆ. ಕದ್ದುಮುಚ್ಚಿ ಮಾಡಿದ್ದರೆ ಮಗಳ ಕೈ ಕೆಟ್ಟದ್ದೆಂದು ಊರು ಆಡಿಕೊಳ್ಳುತ್ತಿತ್ತು, ಅವಳೂ ನಂಬುತ್ತಿದ್ದಳು. ಆದ್ದರಿಂದ ಮೊನ್ನೆ ಮಧ್ಯಾಹ್ನ ಕೇರಿಯವರೆಲ್ಲ ಕಟ್ಟೆಯ ಮೇಲೆ ಕೂತಿದ್ದಾಗ, ಅಡುಗೆಮನೆಯ ಉಪ್ಪಿನ ಭರಣಿ ತಂದು, ಎಲ್ಲರೂ ನೋಡುತ್ತಿರುವಂತೆಯೇ ಗಡಿಗೆಗೆ ಸುರಿದೆ. ಸುರಿದವಳು ಪಾಲಾಕ್ಷಮ್ಮ, ಬೇರೆ ಯಾರ ಕೈಯೂ ಇದರಲ್ಲಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ತಲೆತಲಾಂತರದ ಹೆಪ್ಪು ಒಂದೇ ಸಲ ಸೀನಿದ ಹಾಗೆ ಸದ್ದು ಮಾಡಿ ಕುಸಿಯಿತು. ಗಂಡ ಕಾರು ಒರೆಸುವ ಬಟ್ಟೆ ಹಿಡಿದುಕೊಂಡೇ ಓಡಿ ಬಂದರು. ಹೆಪ್ಪು ಕೊಂದ ಮನೆಗೆ ಯಾರೂ ಹೆಪ್ಪು ಕೊಡುವುದಿಲ್ಲ, ನೀರು ಬೆಂಕಿಯೂ ಕೊಡುವುದಿಲ್ಲ. ನನಗೆ ಹುಚ್ಚು ಹಿಡಿದಿದೆ ಎಂದರು ಕೆಲವರು. ಟಿಕೆಟು ಸಿಕ್ಕಿದ ಮೇಲೂ ಹೀಗೆ ಮಾಡಿದಳಲ್ಲ ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡರು ಉಳಿದವರು. ಆ ಟಿಕೆಟಿನ ರೈಲು ನಿನ್ನೆ ಹೋಯಿತು. ಮಗಳನ್ನು ಈ ಸ್ಥಿತಿಯಲ್ಲಿ ಬಿಟ್ಟು ಹತ್ತಲು ನನಗೆ ಮನಸ್ಸು ಬರಲಿಲ್ಲ.

ನನ್ನ ಕೋರಿಕೆ ಇಷ್ಟೇ. ನಿಮ್ಮ ಸಾಲಿನಲ್ಲಿ ನಿಂತು ಬೈದುಕೊಳ್ಳಿ, ಅದು ನಿಮ್ಮ ಹಕ್ಕು. ಬಿಸಿಲಿದೆ, ವಾಸನೆಯಿದೆ, ಮುಂದಿನವನು ಗಾಡಿ ತೆಗೆಯುತ್ತಿಲ್ಲ, ಎಲ್ಲವೂ ನಿಜ. ಪೆಟ್ರೋಲೇ ಬೇಕೆಂದೂ ನಾನು ಹೇಳುತ್ತಿಲ್ಲ, ಅದರ ಹೊಗೆಯ ಕಥೆಯೂ ನಮಗೆ ಗೊತ್ತು. ಆದರೆ ಈ ಕಿರಿಕಿರಿಯಿಂದ ಪಾರು ಮಾಡುತ್ತೇವೆ, ಎಲ್ಲ ನಿಮ್ಮ ಮನೆಯೊಳಗೇ ತಂದಿಡುತ್ತೇವೆ ಎಂದು ಯಾರಾದರೂ ಬಂದರೆ, ಮನೆಯೊಳಗೆ ಅದನ್ನು ದಿನವೂ ನೋಡಿಕೊಳ್ಳುವವರು ಯಾರು ಎಂದು ಕೇಳಿ. ಉತ್ತರ ಬರುವ ತನಕ ಪೇಡ ಹಂಚಬೇಡಿ.

ಶಿವಗಂಗೆ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಇವತ್ತು ಬೆಳಗ್ಗೆ ಅಭ್ಯಾಸಬಲದಿಂದ ಎದ್ದು, ನೀರು ಬೆಚ್ಚಗೆ ಮಾಡಿಕೊಂಡು ಕಾರಿನ ಹತ್ತಿರ ಹೋದಳು. ಸತ್ತ ಗಡಿಗೆಯ ಮುಂದೆ ತುಂಬ ಹೊತ್ತು ನಿಂತಿದ್ದಳು. ಆಮೇಲೆ ಆ ನೀರನ್ನು ಮುಖಕ್ಕೆ ಎರಚಿಕೊಂಡು, ಚಪ್ಪಲಿ ಮೆಟ್ಟಿ, ಹೊಳೆಯ ಸೇತುವೆ ದಾಟಿ ಧಾರವಾಡದ ದಾರಿಯ ಕಡೆಗೆ ನಡೆದಳು. ಈಗ ಊಟದ ಹೊತ್ತು, ಉಣಿಸಿನ ಹೊತ್ತು ಎರಡೂ ಮೀರಿದೆ. 'ಹುಡುಗಿ ಎಲ್ಲಿಗೆ ಹೋದ್ಲು, ಯಾರನ್ನಾದ್ರೂ ಕಳ್ಸಿ ಕರೆಸೇ' ಎಂದು ಅತ್ತೆ ಒಂದೇ ಸಮನೆ ಹೇಳುತ್ತಿದ್ದಾರೆ.

ನಾನು ಯಾರನ್ನೂ ಕಳಿಸಿಲ್ಲ.

ಇಂತಿ,
ಪಾಲಾಕ್ಷಮ್ಮ