ಅಪ್ಪನ ಪೆಟ್ಟಿಗೆಯ ಪಾಸ್‌ವರ್ಡ್

ಭಾವನವರಿಗೆ ನಮಸ್ಕಾರ.

ನೀವು ಮನೆ ಬಿಟ್ಟು ಹೋದ ಮೇಲೆ ಬರೆಯಬಾರದೆಂದಿದ್ದೆ. ಅಪ್ಪನಿಗಾಗಿ ಬರೆಯುತ್ತಿದ್ದೇನೆ.

ಕಣ್ಣು ಕಾಣದ ಅಪ್ಪನ ಮಾತನ್ನು ಹಿಡಿದಿಡಲು ನೀವು ಮಾಡಿಕೊಟ್ಟ ಅಂಗೈಯಗಲದ ಕಂಪ್ಯೂಟರ್, ಕಳೆದ ವಾರ ಕರೆಂಟು ಹೋಗಿ ಬಂದಾಗಿನಿಂದ ಪಾಸ್‌ವರ್ಡ್ ಕೇಳುತ್ತಿದೆ. ರಿಪೇರಿಯವರು, "ಒಳಗಿನ ಮೆಮೊರಿ ಕಾರ್ಡ್ ಅಳಿಸಿ ಹೊಸದಾಗಿ ಶುರು ಮಾಡಿದ್ರೆ ಹತ್ತು ನಿಮಿಷದ ಕೆಲಸ" ಎಂದರು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಬೇರೆಯವರ ಕರಡು ತಿದ್ದಿದ ಅಪ್ಪ, ತಮ್ಮದೆಂದು ಹೇಳಿಟ್ಟ ಕಥೆಯೆಲ್ಲ ಅದೇ ಕಾರ್ಡಿನಲ್ಲಿದೆ. ಬೇರೆ ಕಡೆ ನಕಲು ಇಟ್ಟುಕೊಳ್ಳದ ತಪ್ಪು ನನ್ನದೇ.

ನೀವು ಕೆಲಸದ ಮೇಲೆ ಪರವೂರಿಗೆ ಹೋಗಿದ್ದೀರೆಂದು ಅಪ್ಪನಿಗೆ ಹೇಳಿದ್ದೇವೆ. ಊಟವಾದೊಡನೆ ಆ ಕಂಪ್ಯೂಟರ್ ಪೆಟ್ಟಿಗೆಯ ಮುಂದೆ ಕುಳಿತು, "ಅಳಿಯಂದ್ರು ಬಂದ್ರೇನಮ್ಮ?" ಎನ್ನುತ್ತಾರೆ. ಸುಳ್ಳು ಹೇಳಿ ಹೇಳಿ ಸಾಕಾಗಿದೆ.

ಅಕ್ಕನ ಹುಟ್ಟಿದ ದಿನ, ನಿಮ್ಮ ಮದುವೆಯ ದಿನ, ಎರಡನ್ನೂ ಹಾಕಿ ನೋಡಿದೆ, ತೆರೆಯಲಿಲ್ಲ. ದಯವಿಟ್ಟು ಪಾಸ್‌ವರ್ಡ್ ಬರೆದು ಕಳುಹಿಸಿ. ಅಕ್ಕನಿಗೆ ತಿಳಿಯುವುದು ಬೇಡ.

ಇಷ್ಟು ಬರೆಯುವಷ್ಟರಲ್ಲಿ ಅಕ್ಕ ಹಿಂದೆ ನಿಂತು ಓದಿಬಿಟ್ಟಳು. "ಆ ಮನುಷ್ಯನಿಗೆ ತಾರೀಕು ಯಾವತ್ತು ನೆನಪಿತ್ತು?" ಎಂದಳು. ಬಾಗಿಲವರೆಗೆ ಹೋಗಿ ತಿರುಗಿ, "ಬರೆದು ಕಳಿಸೋದೇನೂ ಬೇಡ, ಬಂದು ತೆಗೀಲಿ" ಎಂದಳು.

ಭಾನುವಾರ ಬನ್ನಿ. ಅಂದು ಅವಳಿಗೆ ರಜೆ.

ನಿಮ್ಮ ನಾದಿನಿ