ಬದುವಿನ ಮೇಲಿಟ್ಟ ಕ್ಯಾಮೆರಾ

ಚಿಕ್ಕೇರೂರು, ಸೋಮವಾರ

ಅಕ್ಕಾ,

ನೆಗಡಿ ಬಿಟ್ಟರೆ ಆರಾಮಾಗಿದ್ದೇನೆ, ಅಮ್ಮನಿಗೆ ಹೇಳು. ಸಿನಿಮಾ ತರಗತಿಯ ಕಿರುಚಿತ್ರಕ್ಕೆಂದು ನಾನೂ ಸಹಪಾಠಿ ರುದ್ರೇಶನೂ ಇಲ್ಲಿಗೆ ಬಂದಿದ್ದೇವೆ. ಕಥೆ ನನ್ನದು, ಕ್ಯಾಮೆರಾ ಅವನದು. ಪರಮೇಶ್ವರಪ್ಪ ಎಂಬ ಜಮೀನುದಾರರು ಮನೆಯಲ್ಲೇ ಇರಿಸಿಕೊಂಡು ಪುಕ್ಕಟೆ ಊಟ ಹಾಕಿದರು. ಆದರೆ ದಿನವೂ ತಮ್ಮ ಗೋವಿನಜೋಳದ ಹೊಲದ ಬದುವಿನ ಮೇಲೇ ಕ್ಯಾಮೆರಾ ಇಡಿಸುತ್ತಿದ್ದರು.

ನಿನ್ನೆ ಪಕ್ಕದ ಹೊಲದ ದುರಗವ್ವ ಬಂದು ಅಡ್ಡ ನಿಂತರು. "ಸರ್ವೇದವ್ರೇನು ನೀವು?"

"ಇಲ್ಲಮ್ಮ, ಕಥೆಯ ಸಿನಿಮಾ."

"ಹಂಗಾರ ಕಥಿ ಹೇಳು."

ಗಂಡನ ಮನೆ ಬಿಟ್ಟು ಓದಲು ಹೊರಟ ಹುಡುಗಿಯ ಕಥೆ ಹೇಳಿದೆ. ಪೂರ್ತಿ ಕೇಳಿ, "ಇದರಾಗ ನನ್ನ ಬದು ಎಲ್ಲಿ ಬರ್ತೈತಿ? ಅದನ್ನ ಈ ಪರಮೇಶ್ವರಪ್ಪ ಹೋದ ವರ್ಷ ನನ್ನ ಕಡೆ ಸರಿಸ್ಯಾನ" ಎಂದರು.

ಸಂಜೆ ಪರಮೇಶ್ವರಪ್ಪ, "ಬದುವಿನ ವಿಡಿಯೋ ಅಷ್ಟ ನನ್ನ ಮೊಬೈಲಿಗೆ ಹಾಕ್ರಿ, ಬದು ಮೊದಲಿಂದ ಇಲ್ಲೇ ಐತಿ ಅಂತ ಕೋರ್ಟಿನ್ಯಾಗ ತೋರಸಾಕ ಬೇಕು" ಎಂದರು. ಅವರೆದುರೇ ಕ್ಯಾಮೆರಾದಿಂದ ಬದುವಿನ ದೃಶ್ಯಗಳನ್ನೆಲ್ಲ ಅಳಿಸಿಬಿಟ್ಟೆ. ಬೆಳಿಗ್ಗೆ ನಮಗೆ ಚಹಾ ಕೂಡ ಬರಲಿಲ್ಲ.

ಹಿರೇಕೆರೂರಿನ ಲಾಡ್ಜಿಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದಾಗ ಅಳಿಸಿದ ಸುದ್ದಿ ಕೇಳಿ ದುರಗವ್ವ ಮತ್ತೆ ಬಂದರು. ಕ್ಯಾಮೆರಾ ತೆಗೆಸಿ ಉಳಿದದ್ದನ್ನೆಲ್ಲ ನೋಡಿ, "ಮತ್ತೆಲ್ಲೂ ಇಟ್ಟಿಲ್ಲಲ್ಲ?" ಎಂದು ಕೇಳಿದರು. ಇಲ್ಲ ಎನ್ನುವಷ್ಟರಲ್ಲಿ ರುದ್ರೇಶ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವಚಿಕೊಂಡ.

ಬಸ್ಸು ಬಂದು ಹೋಯಿತು. ನಾವು ಹತ್ತಲಿಲ್ಲ. ದುರಗವ್ವ ನನ್ನ ಪಕ್ಕದಲ್ಲೇ ಕೂತಿದ್ದಾರೆ, ರುದ್ರೇಶ ಮುಖ ಗಂಟಿಕ್ಕಿಕೊಂಡು, ಬದುವಿನ ದೃಶ್ಯಗಳ ಪ್ರತಿಯನ್ನೂ ಅಳಿಸಲು ಲ್ಯಾಪ್‌ಟಾಪ್ ತೆರೆಯುತ್ತಿದ್ದಾನೆ. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ನೇತ್ರಾ