ರುಬಿಲಿಯೊ ಕಟ್ಟುತ್ತೇನೆಂದ ಫೀಸು

ದಿಲ್ಸಿಯಾ,

ನಿನ್ನಣ್ಣನ ಒಂಬತ್ತು ದಿನದ ಪ್ರಾರ್ಥನೆ ನಿನ್ನೆಗೆ ಮುಗಿಯಿತು. ನೆಂಟರೆಲ್ಲ ಹೋದರು. ಕಾಫಿ ಇಬ್ಬರಿಗಷ್ಟೇ ಮಾಡಿದ್ದೇನೆ. ಜೋಳದ ತಮಾಲೆ ಕಡುಬು ಉಳಿದಿವೆ, ಬಿಸಿ ಮಾಡಿಕೋ.

ಅಂಗಡಿ ಯಜಮಾನ ದೋನ್ ರುಬಿಲಿಯೊ ಬಂದರೆ ಒಳಗೆ ಕರೆಯಬೇಡ. ಪ್ರಾರ್ಥನೆಗೆ ಕೂತು ಜಪಮಾಲೆ ಎಣಿಸುತ್ತಲೇ ಅವನು ನಿನಗೆ, "ಟೀಚರ್ ಕೋರ್ಸಿನ ಫೀಸು ನನಗೆ ಬಿಡಮ್ಮ, ಅಣ್ಣ ಇಲ್ಲ ಅಂತ ಓದು ನಿಲ್ಲಿಸ್ತಾರಾ? ನಾನೇ ನಿನ್ನ ಧರ್ಮತಂದೆ ಆಗ್ತೀನಿ" ಅಂದದ್ದು ನನಗೂ ಕೇಳಿಸಿತು. ಓದಿಸಿದ ಧರ್ಮತಂದೆ ಆಮೇಲೆ ಏನು ಕೇಳಿದರೂ ನಮ್ಮೂರಲ್ಲಿ ಯಾರೂ ಇಲ್ಲ ಎನ್ನುವಂತಿಲ್ಲ. ಮಿರ್ನಾಳನ್ನೂ ಹೀಗೇ ಓದಿಸಿದ. ಈಗ ಅವಳು ಅವನ ಅಂಗಡಿಯಲ್ಲಿ ಹುರುಳಿಕಾಳು ತೂಗುತ್ತಾಳೆ. ಶಾಲೆಗೆ ಟೀಚರಾಗಿ ಸೇರುತ್ತೇನೆಂದರೆ, "ನಿನ್ನ ಓದ್ಸಿದ್ಯಾರೇ?" ಅನ್ನುತ್ತಾನಂತೆ.

ದೂರಶಿಕ್ಷಣ ಕೇಂದ್ರದಲ್ಲಿ ವಿಚಾರಿಸಿದೆ. ಒಂದು ಸಲಕ್ಕೆ ಒಂದೇ ವಿಷಯ ತೆಗೆದುಕೊಂಡರೆ ಅಷ್ಟಕ್ಕೇ ಫೀಸು. ಅದು ನನ್ನ ಸಂಬಳಕ್ಕೆ ಎಟುಕುತ್ತದೆ. ತಡವಾದರೆ ಆಗಲಿ. ನೀನು ಓದು ಬಿಡಬೇಡ, ಅವನಿಗೆ ಹೂಂ ಅನ್ನಲೂ ಬೇಡ.

ಶನಿವಾರ ತರಗತಿಗೆ ಹೋಗುವಾಗ ಬಸ್ಸಿನವರೆಗೆ ಇಬ್ಬರೂ ನಡೆದೇ ಗುಡ್ಡ ಇಳಿಯೋಣ. ನಿನ್ನನ್ನು ಕೂರಿಸಿಕೊಂಡು ಹೋಗಲು ನಿನ್ನಣ್ಣ ಒಸ್ಮಿನ್ ಎರವಲು ತಂದಿದ್ದ ಹೇಸರಗತ್ತೆ ರುಬಿಲಿಯೊನದು. ಅದರ ನೆಪದಲ್ಲಿ ಅವನು ನಮ್ಮ ಬಾಗಿಲಿಗೆ ಬರುವ ಮೊದಲೇ ಹೊಡೆದುಕೊಂಡು ಹೋಗಿ ಒಪ್ಪಿಸಿ ಬರುತ್ತೇನೆ.

ಅತ್ತಿಗೆ